ಚಳಿಯ ಬೆಳಗಿನಲ್ಲಿ ಡೀಸೆಲ್ ಎಂಜಿನು

ಮಲೆನಾಡಿನಲ್ಲಿ ನಮ್ಮ ಸೋದರಮಾವನವರಿಗೆ ಒಂದು ಅಡಕೆಯ ತೋಟವುಂಟು. ಅದರ ಅಂಚಿನ ಹಳ್ಳದಿಂದ ನೀರೆತ್ತಲು ಐದು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಡೀಸೆಲ್ ಎಂಜಿನೊಂದನ್ನು ಇಟ್ಟಿದ್ದಾರೆ. ಕೈಹಿಡಿಯಿಂದ ತಿರುಗಿಸಿ ಚಾಲೂ ಮಾಡತಕ್ಕ ಯಂತ್ರ. ಕಳೆದ ಡಿಸೆಂಬರಿನ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಈ ಎಂಜಿನು ಮನೆಯವರನ್ನೆಲ್ಲ ಕಂಗೆಡಿಸಿತ್ತು. ಮಧ್ಯಾಹ್ನ ಒಮ್ಮೆ ಓಡಿ ನಿಂತ ಮೇಲೆ ನಾಲ್ಕು ಸುತ್ತಿಗೇ ಹೊರಡುವ ಅದು, ಬೆಳಗಿನ ಚಳಿಯಲ್ಲಿ ಮೂವರು ಸರದಿಯಂತೆ ತಿರುಗಿಸಿದರೂ ಬಿಳಿಯ ಹೊಗೆಯನ್ನು ಉಗುಳಿ ಸುಮ್ಮನಾಗುತ್ತಿತ್ತು. ಯಾರೋ ಹೇಳಿದರೆಂದು ಗಾಳಿಯ ಕೊಳವೆಯೊಳಕ್ಕೆ ಈಥರ್ ಸಿಂಪಡಿಸಿ ತಿರುಗಿಸಲು ಹೋಗಿ, ಕೈಹಿಡಿಯು ಹಿಂದಕ್ಕೆ ಒದ್ದು, ಒಬ್ಬ ಆಳಿನ ಮುಂಗೈ ಮೂಳೆ ಮುರಿದಿತ್ತು. ಪೇಟೆಯ ಮಿಸ್ತ್ರಿಯೊಬ್ಬನು ಇಂಧನದ ಪಂಪನ್ನೇ ಬದಲಾಯಿಸಬೇಕೆಂದು ಹೇಳಿ ಹೋಗಿದ್ದನು. ಭೌತಶಾಸ್ತ್ರವನ್ನು ಪಾಠ ಹೇಳುವವನು ನಾನಾದ್ದರಿಂದ ಹಣ ತೆರುವ ಮೊದಲು ನನ್ನ ಅಭಿಪ್ರಾಯ ಬೇಕೆಂದರು ಮಾವನವರು.

ಪೆಟ್ರೋಲ್ ಎಂಜಿನಿನಲ್ಲಿ ವಿದ್ಯುತ್ತಿನ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಔಗ್ಸ್‌ಬುರ್ಗಿನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನಿನ ಸಂತತಿಗೆ ಕಿಡಿಯ ಹಂಗಿಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನೇಳನೆಯ ಒಂದು ಪಾಲಿಗೆ ಅಮುಕುತ್ತದೆ. ಅಮುಕಿದ ಗಾಳಿ ಕಾಯುತ್ತದೆ. ಆ ಕಾವಿನೊಳಕ್ಕೆ ಸಿಡಿದ ಎಣ್ಣೆಯ ತುಂತುರು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹಾಕಿದವರೆಲ್ಲ ಪಂಪಿನ ಬುಡ ಬಿಸಿಯಾಗುವುದನ್ನು ಕಂಡೇ ಇದ್ದಾರೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ದಪ್ಪ ಗಾಜಿನ ನಳಿಕೆಯೊಂದರಿಂದ ತೋರಿಸುವುದುಂಟು. ತಳದಲ್ಲಿ ಚೂರು ಹತ್ತಿಯನ್ನಿಟ್ಟು ಕೊಂತವನ್ನು ಥಟ್ಟನೆ ಒತ್ತಿದರೆ ಹತ್ತಿ ಭಗ್ಗೆಂದು ಉರಿಯುತ್ತದೆ. ಅದೇ ಕೊಂತವನ್ನು ಅಷ್ಟೇ ಆಳಕ್ಕೆ ನಿಧಾನವಾಗಿ ಒತ್ತಿರಿ, ಏನೂ ಆಗದು. ಹುಟ್ಟಿದ ಉಷ್ಣವು ಗಾಜಿನ ಗೋಡೆಗೆ ಸೋರಿಹೋಗಲು ಸಮಯ ಸಿಕ್ಕಿತು.

ನಮ್ಮ ಎಂಜಿನಿನ ರಹಸ್ಯವೂ ಇದೇ. ಲೆಕ್ಕ ಹಾಕಿ ನೋಡೋಣ. ಉಷ್ಣ ಹೊರಗೆ ಸೋರದಿದ್ದರೆ, ಹದಿನೇಳು ಪಟ್ಟು ಅಮುಕಿದ ಗಾಳಿಯ ನಿರಪೇಕ್ಷ ಉಷ್ಣತೆ 3.1ರಷ್ಟು ಮಡಿಯಾಗುತ್ತದೆ. 10 ಡಿಗ್ರಿ ಸೆಲ್ಸಿಯಸಿನ ಬೆಳಗಿನ ಗಾಳಿ ಸುಮಾರು 605 ಡಿಗ್ರಿಗೆ ಏರಬೇಕು. ಡೀಸೆಲ್ ಎಣ್ಣೆ ತಾನಾಗಿ ಹೊತ್ತಲು 250 ಡಿಗ್ರಿಯ ಆಸುಪಾಸು ಸಾಕು. ಅಂದ ಮೇಲೆ ಚಳಿಯೊಂದೇ ಅಪರಾಧಿಯಲ್ಲ. ಆದರೆ ಈ 3.1 ಎಂಬುದು 17ನ್ನು 0.4ರ ಘಾತಕ್ಕೆ ಏರಿಸಿ ಬಂದದ್ದು. ಉಷ್ಣವೂ ಗಾಳಿಯೂ ಸೋರಿ ಆ ಘಾತಾಂಕ 0.2ಕ್ಕೆ ಇಳಿಯಿತೆನ್ನಿ: ಅದೇ ಗಾಳಿ 226 ಡಿಗ್ರಿಗೇ ನಿಲ್ಲುತ್ತದೆ. ಎಣ್ಣೆ ಆವಿಯಾಗುತ್ತದೆ, ಉರಿಯುವುದಿಲ್ಲ. ಹಾಗೆ ಉರಿಯದೆ ಹೊರಬಿದ್ದ ಎಣ್ಣೆಯ ಆವಿ ತಂಪಾಗಿ ಮಂಜಾದದ್ದೇ ಆ ಬಿಳಿಯ ಹೊಗೆ.

ಆದುದರಿಂದ ಪರೀಕ್ಷಕನು ಮೊದಲು ನೋಡಬೇಕಾದದ್ದು ಹೊಗೆಕೊಳವೆಯ ಬಾಯಿಯನ್ನು. ತಿರುಗಿಸುವಾಗ ಹೊಗೆಯೇ ಇಲ್ಲದಿದ್ದರೆ ಇಂಧನ ಒಳಗೆ ಹೋಗುತ್ತಿಲ್ಲ. ತೊಟ್ಟಿ ಬರಿದೋ, ಶೋಧಕ ಕಟ್ಟಿದೆಯೋ, ಕೊಳವೆಯಲ್ಲಿ ಗಾಳಿ ಸೇರಿದೆಯೋ ನೋಡಬೇಕು. ಈ ಕೊನೆಯದು ಬಹು ಸಾಮಾನ್ಯ. ಇಂಥ ಸಣ್ಣ ಎಂಜಿನಿನ ಪಂಪು ಪ್ರತಿ ಸಲ ತಳ್ಳುವುದು ಅರ್ಧ ಹನಿಯಷ್ಟು ಎಣ್ಣೆಯನ್ನು, ಅದೂ ವಾಯುಭಾರದ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ನಡುವೆ ಒಂದು ಗುಳ್ಳೆಯಿದ್ದರೆ ಪಂಪಿನ ಶ್ರಮವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಶೋಧಕದ ಮೇಲಿನ ತಿರುಪನ್ನು ಸಡಿಲಿಸಿ, ನೊರೆ ನಿಂತು ಶುದ್ಧ ಎಣ್ಣೆ ಬರುವ ತನಕ ಹರಿಯಬಿಟ್ಟು ಬಿಗಿಯತಕ್ಕದ್ದು. ಇಂಧನ ಸಿಡಿಯುವ ಮೂತಿಯ ಮುಂದೆ ಮಾತ್ರ ಬೆರಳೊಡ್ಡಬಾರದು. ಆ ಒತ್ತಡದ ತುಂತುರು ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಸಣ್ಣ ಚುಚ್ಚಿನಂತೆ ಕಂಡ ಗಾಯಕ್ಕೂ ತಡಮಾಡದೆ ವೈದ್ಯರ ಬಳಿ ಹೋಗಬೇಕಾಗುತ್ತದೆ.

ಮಾವನವರ ಎಂಜಿನಿನಲ್ಲಿ ಬಿಳಿಯ ಹೊಗೆ ಧಾರಾಳವಾಗಿತ್ತು. ಪಂಪು ಎಣ್ಣೆಯನ್ನು ಕಳುಹಿಸುತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮೂತಿ ಸವೆದು, ಎಣ್ಣೆ ತುಂತುರಾಗದೆ ತೊಟ್ಟಿಕ್ಕಿದರೂ ಇದೇ ಹೊಗೆ ಬರುವುದುಂಟು. ಆದರೆ ಹಾಗಿದ್ದರೆ ಎಂಜಿನು ಕಾದ ಮೇಲೂ ಸಾಮಾನ್ಯವಾಗಿ ಕಪ್ಪು ಹೊಗೆ ಕಾರಿ ತಡವರಿಸುತ್ತದೆ. ಇದು ಮಧ್ಯಾಹ್ನ ಸೊಗಸಾಗಿ ಓಡುತ್ತಿತ್ತು. ಹಾಗಾಗಿ ನನ್ನ ಸಂಶಯ ಸಂಕೋಚನದ ಮೇಲೆ ಬಿತ್ತು.

ಇದರ ಪರೀಕ್ಷೆಗೆ ಉಪಕರಣ ಬೇಡ, ಕಿವಿ ಸಾಕು. ಇಂಧನವನ್ನು ತಡೆದು, ಒತ್ತಡ ಬಿಡಿಸುವ ಸನ್ನೆಯನ್ನು ಎತ್ತದೆ, ಕೈಹಿಡಿಯನ್ನು ಮೆಲ್ಲನೆ ತಿರುಗಿಸಬೇಕು. ಆರೋಗ್ಯವಂತ ಎಂಜಿನು ಸ್ಪ್ರಿಂಗಿನಂತೆ ಪ್ರತಿರೋಧಿಸಿ ಹಿಂದಕ್ಕೆ ಪುಟಿಯುತ್ತದೆ. ನಮ್ಮದು ಒಂದು ನಿಟ್ಟುಸಿರು ಬಿಟ್ಟು ಸರಾಗವಾಗಿ ತಿರುಗಿಹೋಯಿತು! ಆ ಉಸಿರು ಹೊಗೆಕೊಳವೆಯಲ್ಲಿ ಕೇಳಿದರೆ ಹೊರಕವಾಟ, ಗಾಳಿಶೋಧಕದಲ್ಲಿ ಕೇಳಿದರೆ ಒಳಕವಾಟ ಸರಿಯಾಗಿ ಕೂತಿಲ್ಲ. ಕೀಲೆಣ್ಣೆಯ ಕೋಶದ ಉಸಿರುಗಂಡಿಯಲ್ಲಿ ಕೇಳಿದರೆ ಪಿಸ್ಟನ್ನಿನ ಬಳೆಗಳೇ ಸೋರುತ್ತಿವೆ. ನಮಗೆ ಕೇಳಿದ್ದು ಕೊನೆಯ ಜಾಗದಲ್ಲಿ.

ಅದನ್ನು ಖಚಿತಪಡಿಸಿಕೊಳ್ಳಲು ಗಾಳಿಯ ಕೊಳವೆಯೊಳಕ್ಕೆ ಒಂದು ಚಹಾ ಚಮಚದಷ್ಟು ಕೀಲೆಣ್ಣೆ ಬಿಟ್ಟೆವು. ಅದು ಬಳೆಗಳ ಸಂದುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಹೆಚ್ಚು ಬಿಡಬಾರದು, ಕೀಲೆಣ್ಣೆಯೂ ಇಂಧನವೇ, ಎಂಜಿನು ಕೈಮೀರಿ ಓಡೀತು. ತಣ್ಣಗಿನ ಗೋಡೆಗಳನ್ನು ಕಾಯಿಸಲು ನೀರಿನ ಕವಚಕ್ಕೆ ಮೊದಲು ಉಗುರುಬೆಚ್ಚಗಿನ, ಆಮೇಲೆ ಬಿಸಿಯಾದ ನೀರನ್ನು ಹೊಯ್ದೆವು. ಕುದಿಯುವುದನ್ನು ಒಮ್ಮೆಲೇ ಹೊಯ್ದರೆ ಎರಕದ ಕಬ್ಬಿಣ ಬಿರಿಯುವ ಭಯವಿದೆ. ಇನ್ನು ವೇಗದ ಪ್ರಶ್ನೆ. ಚಳಿಗೆ ಕೀಲೆಣ್ಣೆ ಮಂದವಾಗಿ ಚಕ್ರ ನಿಧಾನವಾಗುತ್ತದೆ, ನಿಧಾನವಾದರೆ ಉಷ್ಣ ಸೋರುತ್ತದೆ. ಆದ್ದರಿಂದ ಸನ್ನೆಯನ್ನೆತ್ತಿ, ಒತ್ತಡವಿಲ್ಲದೆ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಭಾರಿ ಚಕ್ರಕ್ಕೆ ಪೂರ್ಣ ವೇಗ ಬಂದ ಮೇಲೆಯೇ ಸನ್ನೆಯನ್ನು ಬಿಡತಕ್ಕದ್ದು. ಚಕ್ರದ ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ, ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಆಳುಗಳು ಆತುರದಿಂದ ನಾಲ್ಕೈದು ಸುತ್ತಿಗೇ ಸನ್ನೆ ಬಿಡುತ್ತಿದ್ದರು.

ಇಂಗ್ಲೆಂಡಿನ ಲಿಸ್ಟರ್ ಸಂಸ್ಥೆಯ ಹಳೆಯ ಮಂದಗತಿಯ ಎಂಜಿನುಗಳಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಕೈಚಕ್ರವಿರುತ್ತಿತ್ತು. ಅದನ್ನು ಬಿಗಿದರೆ ದಹನಕೋಣೆಯ ಒಂದು ಭಾಗ ಮುಚ್ಚಿ, ಹೊರಡುವ ಗಳಿಗೆಯಲ್ಲಿ ಸಂಕೋಚನ ಹೆಚ್ಚುತ್ತಿತ್ತು. ಚೆಲುವಾದ ಯುಕ್ತಿ. ಡೀಸೆಲ್ಲಿನ ಮೇಣವೇ ಹೆಪ್ಪುಗಟ್ಟುವ ಪೀಡೆ ನಮ್ಮ ಸೀಮೆಗಿಲ್ಲ. ಅದು ಲಡಾಖಿನಂತಹ ಪ್ರದೇಶದ್ದು. ಅಲ್ಲಿಗಾಗಿ 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಡೀಸೆಲನ್ನು ಹೊರತಂದಿತು.

ಈಥರ್ ಏಕೆ ಕೈ ಮುರಿಯಿತೆಂಬುದು ಈಗ ವಾಚಕರಿಗೆ ಹೊಳೆದಿರಬಹುದು. ಡೀಸೆಲ್ಲು ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಸಿಡಿಯುತ್ತದೆ. ಈಥರಿನ ಆವಿಯಾದರೋ ಗಾಳಿಯೊಡನೆ ಮೊದಲೇ ಬೆರೆತಿದ್ದು, 180 ಡಿಗ್ರಿಯೊಳಗೇ ಹೊತ್ತಬಲ್ಲದು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಅದು ಸ್ಫೋಟಿಸಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ, ಅದರೊಡನೆ ಕೈಹಿಡಿಯೂ.

ಅಂದು ಎಂಜಿನು ಎರಡನೆಯ ಪ್ರಯತ್ನಕ್ಕೆ ಹೊರಟಿತು. ಮರುದಿನ ಬಿಚ್ಚಿಸಿದಾಗ ಮೂರು ಬಳೆಗಳಲ್ಲಿ ಎರಡು ಮಸಿಯಲ್ಲಿ ಕಚ್ಚಿಕೊಂಡು ಅಲುಗಾಡದಂತಾಗಿದ್ದವು. ಹೊಸ ಬಳೆಗಳ ಬೆಲೆ ಪಂಪಿನ ಬೆಲೆಗಿಂತ ಬಹಳ ಕಡಿಮೆ. ಪಂಪು ಹಳೆಯದೇ ಇದೆ.