ಒಂಬತ್ತು ತಲೆಗಳ ತೀರ್ಪು

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಕದರಮಂಡಲಗಿಯು ಕಾಂತೇಶನ ಗುಡಿಯಿಂದ ನಾಡಿಗೆ ಪರಿಚಿತವಾದ ಊರು. ಇಂತಹ ಊರುಗಳಲ್ಲಿ ಬದುವಿನ ಜಗಳವೋ ಪಾಲಿನ ತಂಟೆಯೋ ಎದ್ದಾಗ, ಹಿರಿಯರು ಕಟ್ಟೆಯ ಮೇಲೆ ಕುಳಿತು ಬಗೆಹರಿಸುವ ಪದ್ಧತಿ ಹಿಂದಿನಿಂದ ಬಂದುದು. ಹಾಗೆ ಕುಳಿತವರನ್ನು ನಾವು ಪಂಚರೆನ್ನುತ್ತೇವೆ, ಪಂಚವೆಂದರೆ ಐದು. ಪೊಲೀಸರು ಇಂದಿಗೂ ಬರೆಯುವ ಪಂಚನಾಮೆಯಲ್ಲಿ ಆ ಐದು ಹೆಸರಿಗಾದರೂ ಉಳಿದುಕೊಂಡಿದೆ. ಒಬ್ಬನು ಹೇಳುವ ನ್ಯಾಯಕ್ಕಿಂತ ಐವರು ಕೂಡಿ ಹೇಳುವ ನ್ಯಾಯ ಮೇಲೆಂದು ನಮ್ಮ ಹಿರಿಯರು ನಂಬಿದ್ದರು. ಈ ನಂಬಿಕೆ ನಿಜವೇ? ನಿಜವಾದರೆ ಎಷ್ಟರ ಮಟ್ಟಿಗೆ ನಿಜ? ಇದನ್ನು ಲೆಕ್ಕದಿಂದಲೂ ಪ್ರಯೋಗದಿಂದಲೂ ಪರೀಕ್ಷಿಸಬಹುದು. ಆ ಪರೀಕ್ಷೆಯನ್ನೇ ಜೀವಮಾನದ ಉದ್ಯೋಗವನ್ನಾಗಿ ಮಾಡಿಕೊಂಡ ಮನಶ್ಶಾಸ್ತ್ರಜ್ಞರೂ ಇದ್ದಾರೆ.

ಕದರಮಂಡಲಗಿಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಬ್ರಿಟಿಷರು ತಮ್ಮ ನಾಡಿನ ಜ್ಯೂರಿ ಪದ್ಧತಿಯನ್ನು ಇಲ್ಲಿಗೆ ತಂದಿದ್ದರು. ಜ್ಯೂರಿಯೆಂದರೆ ಕಾನೂನು ಓದದ ಸಾಮಾನ್ಯ ಗೃಹಸ್ಥರ ಒಂದು ಮಂಡಳಿ. ಸಾಕ್ಷ್ಯವನ್ನು ಕೇಳಿ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂದು ಹೇಳುವುದು ಅವರ ಕೆಲಸ. ಶಿಕ್ಷೆಯನ್ನು ಗೊತ್ತುಮಾಡುವುದು ನ್ಯಾಯಾಧೀಶರ ಕೆಲಸ. ಹೈಕೋರ್ಟಿನಲ್ಲಿಯೂ ಸರ್ಕಾರ ಆಯ್ದ ಕೆಲವು ಜಿಲ್ಲೆಗಳಲ್ಲಿಯೂ ಮಾತ್ರ ಜ್ಯೂರಿ ಇದ್ದಿತು. ಉಳಿದ ಕಡೆಗಳಲ್ಲಿ ‘ಅಸೆಸರ್’ ಎಂಬವರು ನ್ಯಾಯಾಧೀಶರ ಪಕ್ಕದಲ್ಲಿ ಕುಳಿತು ಅಭಿಪ್ರಾಯ ಹೇಳುತ್ತಿದ್ದರು. ಅದನ್ನು ನ್ಯಾಯಾಧೀಶರು ಒಪ್ಪಲೇಬೇಕೆಂಬ ಕಟ್ಟಿರಲಿಲ್ಲ. ಅಸೆಸರರು 1955ರ ತಿದ್ದುಪಡಿಯಿಂದ ಹೋದರು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೂ ಸ್ಥಾನ ಉಳಿಯಲಿಲ್ಲ.

ಈ ಸಂದರ್ಭದಲ್ಲಿ ನಾನಾವತಿ ಮೊಕದ್ದಮೆಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ನೌಕಾದಳದ ಅಧಿಕಾರಿ ಕೆ. ಎಂ. ನಾನಾವತಿಯು 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ಪ್ರೇಮ್ ಅಹೂಜಾ ಎಂಬವನನ್ನು ಗುಂಡಿಟ್ಟು ಕೊಂದನು. ಒಂಬತ್ತು ಮಂದಿ ಜ್ಯೂರಿಯವರಲ್ಲಿ ಎಂಟು ಮಂದಿ ಅವನನ್ನು ನಿರ್ದೋಷಿ ಎಂದರು. ವಿವೇಕವುಳ್ಳ ಯಾವ ಮಂಡಳಿಯೂ ಈ ಸಾಕ್ಷ್ಯದಿಂದ ಇಂತಹ ತೀರ್ಮಾನಕ್ಕೆ ಬರಲಾರದೆಂದು ಸೆಷನ್ಸ್ ನ್ಯಾಯಾಧೀಶರು ಮೊಕದ್ದಮೆಯನ್ನು ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು 1960ರಲ್ಲಿ ಅವನನ್ನು ತಪ್ಪಿತಸ್ಥನೆಂದಿತು. ಸುಪ್ರೀಂ ಕೋರ್ಟು 1961ರಲ್ಲಿ ಅದನ್ನೇ ಎತ್ತಿಹಿಡಿಯಿತು. ಜ್ಯೂರಿ ಹೋದದ್ದು ಈ ಒಂದು ಮೊಕದ್ದಮೆಯಿಂದಲೇ ಎಂಬ ಮಾತು ಮಾತ್ರ ಸರಿಯಲ್ಲ. ಅದನ್ನು ತೆಗೆದುಹಾಕಬೇಕೆಂದು ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿಯೇ ಸಲಹೆ ಮಾಡಿತ್ತು.

ಒಂಬತ್ತು ತಲೆಗಳಲ್ಲಿ ಎಂಟು ತಪ್ಪಿದ್ದು ಹೇಗೆ? ಮೊದಲು ಲೆಕ್ಕವನ್ನು ನೋಡೋಣ.

ಕಾಂಡೋರ್ಸೆ ಎಂಬ ಫ್ರೆಂಚ್ ಗಣಿತಜ್ಞನು 1785ರಲ್ಲಿ ಈ ಪ್ರಶ್ನೆಯನ್ನು ಸಂಭಾವ್ಯತೆಯ ಲೆಕ್ಕಕ್ಕೆ ಇಳಿಸಿದನು. (ಒಂಬತ್ತು ವರ್ಷಗಳ ಅನಂತರ, ಕ್ರಾಂತಿಯ ಗಲಭೆಯಲ್ಲಿ, ಈತನೇ ಸೆರೆಮನೆಯಲ್ಲಿ ಸತ್ತನು.) ಒಬ್ಬೊಬ್ಬ ಜ್ಯೂರಿಯವನೂ ನೂರರಲ್ಲಿ 60 ಸಲ ಸರಿಯಾಗಿ ತೀರ್ಮಾನಿಸುವನೆಂದು ಇಟ್ಟುಕೊಳ್ಳಿ. ಮೂವರ ಬಹುಮತವು ನೂರರಲ್ಲಿ ಸುಮಾರು 65 ಸಲ, ಐವರದು 68 ಸಲ, ಒಂಬತ್ತು ಮಂದಿಯದು 73 ಸಲ ಸರಿಯಾಗಿರುತ್ತದೆ. ಸಂಖ್ಯೆ ಹೆಚ್ಚಿದಂತೆ ತೀರ್ಪು ಸತ್ಯಕ್ಕೆ ಹತ್ತಿರವಾಗುತ್ತದೆ. ನಮ್ಮ ಪಂಚರ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ಬೇಕೆ? ಆದರೆ ಒಬ್ಬೊಬ್ಬನೂ ನೂರರಲ್ಲಿ 40 ಸಲ ಮಾತ್ರ ಸರಿಯಾಗಿರುವನೆಂದರೆ, ಒಂಬತ್ತು ಮಂದಿಯ ಬಹುಮತ ಸರಿಯಾಗುವುದು ಕೇವಲ 27 ಸಲ. ಆಗ ತಲೆಗಳು ಹೆಚ್ಚಿದಷ್ಟೂ ಕೇಡು ಹೆಚ್ಚು.

ಈ ಲೆಕ್ಕದೊಳಗೆ ಇನ್ನೊಂದು ಕರಾರು ಅಡಗಿದೆ: ಪ್ರತಿಯೊಬ್ಬನೂ ಸ್ವತಂತ್ರವಾಗಿ ಯೋಚಿಸಿರಬೇಕು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ವರ್ನಿಯರ್ ಕ್ಯಾಲಿಪರ್ಸಿನಿಂದ ಒಂದು ಗುಂಡಿನ ವ್ಯಾಸವನ್ನು ಹತ್ತು ಸಲ ಅಳೆದು ಸರಾಸರಿ ತೆಗೆದರೆ, ಕೈಯ, ಕಣ್ಣಿನ ಚಿಕ್ಕಪುಟ್ಟ ತಪ್ಪುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆದರೆ ಉಪಕರಣದಲ್ಲಿಯೇ ಶೂನ್ಯದೋಷವಿದ್ದರೆ, ಹತ್ತಲ್ಲ, ಹತ್ತು ಸಾವಿರ ಸಲ ಅಳೆದರೂ ಅದು ಹೋಗುವುದಿಲ್ಲ. ನಾನಾವತಿಯ ಮೊಕದ್ದಮೆಯ ಕಾಲಕ್ಕೆ ಮುಂಬಯಿಯ ‘ಬ್ಲಿಟ್ಜ್’ ವಾರಪತ್ರಿಕೆ ಆರೋಪಿಯ ಪರವಾಗಿ ಬಹಿರಂಗವಾಗಿ ಪ್ರಚಾರ ನಡೆಸಿತ್ತು. ಊರಿಗೆ ಊರೇ ಒಂದೇ ಮಾತನ್ನು ಆಡುತ್ತಿರುವಾಗ, ಆ ಊರಿನಿಂದಲೇ ಆರಿಸಿದ ಒಂಬತ್ತು ಮಂದಿಯನ್ನು ಒಂಬತ್ತು ಬೇರೆ ಬೇರೆ ಅಳತೆಗಳೆಂದು ಎಣಿಸಬಹುದೇ? ನಮ್ಮ ಎಣಿಕೆಯಲ್ಲಿ ಅದು ಒಂದೇ ಶೂನ್ಯದೋಷದ ಒಂಬತ್ತು ಓದುಗಳು.

ಸ್ವತಂತ್ರವಾದ ಊಹೆಗಳ ಬಲಕ್ಕೆ ಗಾಲ್ಟನ್ನನ ಉದಾಹರಣೆ ಪ್ರಸಿದ್ಧವಾದುದು. ಇಂಗ್ಲೆಂಡಿನ ಒಂದು ದನದ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸುವ ಪಂದ್ಯ ನಡೆದಿತ್ತು. 787 ಮಂದಿ ತಮ್ಮ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬಂದ ಊಹೆ 1207 ಪೌಂಡು. ನಿಜವಾದ ತೂಕ 1198 ಪೌಂಡು! ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ತೂಕವನ್ನು ಹೀಗೆಯೇ ಚೀಟಿಯಲ್ಲಿ ಬರೆಸಿ ನೋಡಬಹುದು. ಆದರೆ ಚೀಟಿಯ ಬದಲು, ಮೊದಲು ಹೆಸರಾಂತ ದಲಾಲರೊಬ್ಬರು ಗಟ್ಟಿಯಾಗಿ ಒಂದು ತೂಕವನ್ನು ಹೇಳಿ, ಆಮೇಲೆ ಉಳಿದವರು ಹೇಳತೊಡಗಿದರೆ?

ಸಾಲೊಮನ್ ಆಷ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು 1950ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತವೆ. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದವಾದುದು ಯಾವುದೆಂದು ಕೇಳುವುದು; ಮಗುವೂ ಹೇಳಬಹುದಾದ ಪ್ರಶ್ನೆ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಷ್‌ನ ಕಡೆಯವರು. ಅವರು ಬೇಕೆಂದೇ ಒಮ್ಮತದಿಂದ ತಪ್ಪು ಹೇಳುತ್ತಿದ್ದರು. ಪಾಪ, ಆ ಒಬ್ಬನ ಪಾಡು! ಕಣ್ಣಿಗೆ ಕಾಣುವುದನ್ನು ಬಿಟ್ಟು, ಮೂರರಲ್ಲಿ ಒಂದು ಸಲಕ್ಕಿಂತ ತುಸು ಹೆಚ್ಚಾಗಿಯೇ ಇಂಥವರು ಗುಂಪಿನ ತಪ್ಪಿಗೆ ತಲೆಬಾಗಿದರು. ಕಾಲುಭಾಗದಷ್ಟು ಮಂದಿ ಒಮ್ಮೆಯೂ ಬಾಗಲಿಲ್ಲವೆಂಬುದೂ ನಿಜ. ಗುಂಪಿನಲ್ಲಿ ಇನ್ನೊಬ್ಬನು ನಿಜವನ್ನು ಹೇಳಿದರೆ ಸಾಕು, ಹೀಗೆ ಬಾಗುವುದು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತಿತ್ತು. ಒಬ್ಬ ಜೊತೆಗಾರನ ಬೆಲೆ ಅಷ್ಟು.

ಗೆರೆಗಳ ವಿಷಯ ಹೀಗಾದರೆ, ಮನುಷ್ಯನ ಪ್ರಾಣದ ವಿಷಯವೇನು? ಅದನ್ನು ತಿಳಿಯಲು ನಿಜವಾದ ಜ್ಯೂರಿಯ ಕೋಣೆಯನ್ನು ಹೊಗಬೇಕು, ಹೊಗಲು ಅಪ್ಪಣೆಯಿಲ್ಲ. ಚಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 1954ರಲ್ಲಿ, ನ್ಯಾಯಾಧೀಶರ ಒಪ್ಪಿಗೆ ಪಡೆದು, ಆದರೆ ಜ್ಯೂರಿಯವರಿಗೆ ತಿಳಿಸದೆ, ವಿಚಿಟಾ ಎಂಬ ಊರಿನಲ್ಲಿ ಅವರ ಚರ್ಚೆಯನ್ನು ಧ್ವನಿಮುದ್ರಿಸಿದರು. ವಿಷಯ ಹೊರಬಿದ್ದಾಗ ದೊಡ್ಡ ಗದ್ದಲವಾಗಿ, 1956ರಲ್ಲಿ ಅದನ್ನು ನಿಷೇಧಿಸುವ ಕಾನೂನೇ ಬಂದಿತು. ಅದೇ ವಿಶ್ವವಿದ್ಯಾಲಯದ ಕ್ಯಾಲ್ವೆನ್ ಮತ್ತು ಜೈಸೆಲ್ ಬೇರೆ ಉಪಾಯವನ್ನು ಹುಡುಕಿದರು: ಜ್ಯೂರಿಯಿಲ್ಲದಿದ್ದರೆ ತಾವು ಏನು ತೀರ್ಪು ಕೊಡುತ್ತಿದ್ದಿರಿ ಎಂದು ನ್ಯಾಯಾಧೀಶರನ್ನೇ ಕೇಳಿದರು. 1966ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ 3576 ಮೊಕದ್ದಮೆಗಳ ವಿವರವಿದೆ. ಸುಮಾರು ನಾಲ್ಕರಲ್ಲಿ ಮೂರು ಪಾಲು ಇಬ್ಬರ ಅಭಿಪ್ರಾಯವೂ ಒಂದೇ. ಬೇರೆಯಾದಾಗ ಬಹುಮಟ್ಟಿಗೆ ಜ್ಯೂರಿಯೇ ಹೆಚ್ಚು ಮೃದು. ಅವರು ಕಂಡ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹತ್ತಿರವಾದುದು. ಮೊದಲ ಮತದಾನದಲ್ಲಿ ಬಹುಮತ ಯಾವ ಕಡೆಗಿತ್ತೋ, ಹತ್ತರಲ್ಲಿ ಸುಮಾರು ಒಂಬತ್ತು ಸಲ ಕೊನೆಯ ತೀರ್ಪೂ ಅದೇ ಕಡೆಗೆ.

ಇಂದಿನ ಸಂಶೋಧಕರು ಹೆಚ್ಚಾಗಿ ಅಣಕು ಜ್ಯೂರಿಗಳನ್ನು ಕೂಡಿಸಿ ಕೆಲಸ ಮಾಡುತ್ತಾರೆ. ಪೆನಿಂಗ್ಟನ್ ಮತ್ತು ಹೇಸ್ಟಿ ಎಂಬಿಬ್ಬರು 1988ರಲ್ಲಿ ಒಂದೇ ಕೊಲೆಯ ಮೊಕದ್ದಮೆಯ ಸಾಕ್ಷ್ಯವನ್ನು ಬೇರೆ ಬೇರೆ ಕ್ರಮಗಳಲ್ಲಿ ಜೋಡಿಸಿ ಕೇಳಿಸಿದರು. ಆರೋಪದ ಕಡೆಯ ಸಾಕ್ಷ್ಯವು ಕಥೆಯಂತೆ ಸರಾಗವಾಗಿಯೂ ಆರೋಪಿಯ ಕಡೆಯದು ಚದುರಿಯೂ ಬಂದಾಗ, ನೂರಕ್ಕೆ 78 ಮಂದಿ ತಪ್ಪಿತಸ್ಥನೆಂದರು. ಕ್ರಮವನ್ನು ಅದಲುಬದಲು ಮಾಡಿದಾಗ ಹಾಗೆಂದವರು ನೂರಕ್ಕೆ 31 ಮಂದಿ. ಸಾಕ್ಷ್ಯದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ! ಸಾಕ್ಷ್ಯವನ್ನು ನಾವು ತಕ್ಕಡಿಯಲ್ಲಿ ತೂಗುವುದಿಲ್ಲ, ಅದರಿಂದ ಕಥೆಯನ್ನು ಕಟ್ಟಿಕೊಳ್ಳುತ್ತೇವೆ ಎಂಬುದು ಅವರ ಸಿದ್ಧಾಂತ.

ಜ್ಯೂರಿಯೇ ಇಲ್ಲದ ನಾಡಿನಲ್ಲಿ ಈ ವ್ಯಾಸಂಗವೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಹಲವರು ಕೂಡಿ ಕೊಡುವ ತೀರ್ಪು ನಮ್ಮಲ್ಲಿ ನಿಂತಿಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ, ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಕ್ಕಳ ವಿಚಾರಣೆಯನ್ನು ನಡೆಸುವ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ; ಭಿನ್ನಾಭಿಪ್ರಾಯ ಬಂದರೆ ಬಹುಮತವೇ ನಿಲ್ಲುತ್ತದೆ. ಒಂದು ಮಗುವಿನ ಮುಂದಿನ ಬಾಳು ಈ ಮೂವರ ಕೈಯಲ್ಲಿದೆ. ಅವರಲ್ಲಿ ಇಬ್ಬರು ಕಾನೂನು ಬಲ್ಲ ಮೂರನೆಯವರ ಮುಖವನ್ನು ನೋಡಿ ಮಾತನಾಡುತ್ತಾರೆಯೇ ಎಂಬುದು ಸಂಶೋಧನೆಗೆ ತಕ್ಕ ಪ್ರಶ್ನೆ.

ಈ ದಾರಿ ಹಿಡಿಯುವವನಿಗೆ ಮನಶ್ಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರ ಚೆನ್ನಾಗಿ ಬರಬೇಕು. ಕಾನೂನಿನ ಪರಿಚಯವೂ ಬೇಕು. ನಮ್ಮ ನಾಡಿಗೆ ಪ್ರಯೋಗನಿಷ್ಠ ಮನಶ್ಶಾಸ್ತ್ರ ಹೊಸದೇನಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಬಿತ್ತರಿಸಿದವರೂ ಅವರೇ, ಜನ ಅವರನ್ನು ನೆನೆಯುವುದು ಹೆಚ್ಚಾಗಿ ಅದಕ್ಕೇ.

ಕಟ್ಟೆಯ ಮೇಲೆ ಸಾಮಾನ್ಯವಾಗಿ ಎಲ್ಲರಿಗಿಂತ ಹಿರಿಯರಾದ ಗೌಡರು ಮೊದಲು ಮಾತನಾಡುತ್ತಾರೆ. ಅನಂತರ ಉಳಿದವರು ಹೌದೆನ್ನುತ್ತಾರೆ. ನಮ್ಮ ಸೈನಿಕ ನ್ಯಾಯಾಲಯಗಳ ನಿಯಮ ಇದಕ್ಕೆ ವಿರುದ್ಧ: ಅಲ್ಲಿ ಎಲ್ಲರಿಗಿಂತ ಕೆಳಗಿನ ದರ್ಜೆಯವನು ಮೊದಲು ತನ್ನ ಅಭಿಪ್ರಾಯವನ್ನು ಹೇಳಬೇಕು. ಯಾವುದು ಮೇಲೆಂದು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಒಂದು ಗಾಜಿನ ಶೀಶೆಯಲ್ಲಿ ಎಣಿಸಿದ ಕಡಲೆಕಾಳುಗಳನ್ನು ತುಂಬಿ. ತರಗತಿಯ ಅರ್ಧ ಮಂದಿ ಒಬ್ಬರದನ್ನೊಬ್ಬರು ನೋಡದೆ ಕಾಳಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆಯಲಿ. ಉಳಿದ ಅರ್ಧ ಮಂದಿ ಬೇರೆ ಕೋಣೆಯಲ್ಲಿ, ಲೆಕ್ಕದಲ್ಲಿ ಮುಂದಿರುವ ವಿದ್ಯಾರ್ಥಿಯಿಂದ ಆರಂಭಿಸಿ, ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಲಿ. ಎರಡು ಗುಂಪಿನ ಊಹೆಗಳನ್ನೂ ಗ್ರಾಫ್ ಕಾಗದದ ಮೇಲೆ ಗುರುತಿಸಿ, ಯಾವ ಗುಂಪಿನಲ್ಲಿ ಹರವು ಕಡಿಮೆ, ಯಾವುದರ ನಡುವಣ ಊಹೆ ನಿಜಕ್ಕೆ ಹತ್ತಿರ ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಶೀಶೆಯನ್ನು ಬದಲಿಸಿ ನಾಲ್ಕಾರು ಸಲವಾದರೂ ಮಾಡಬೇಕು. ಒಂದೇ ಸಲದ ಫಲಿತಾಂಶವನ್ನು ನಂಬಬಾರದು.