ನೋವಿಲ್ಲದ ಬ್ಲಾಕ್

ಕಡಬದಿಂದ ಪತ್ರ ಬರೆದ ಸಹೋದರಿಗೆ,

ರಾಜ್ಯದ ಅಂಗಾಂಗ ದಾನ ವ್ಯವಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ, ತಿಂಗಳುಗಟ್ಟಲೆ ಕಾದು, ನಿಮ್ಮ ಯಜಮಾನರಿಗೆ ಹೃದಯ ಕಸಿಯಾಯಿತು. ಐದು ವರ್ಷದ ಮೇಲೆ ಈಗ ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳ ಕಿರಿದಾಗಿದೆ ಎಂದಿದ್ದಾರೆ. ಯಾರದೋ ಮನೆಯವರು ಅಷ್ಟು ದುಃಖದಲ್ಲೂ ಕೊಟ್ಟದ್ದನ್ನು ನಾವು ಕಾಪಾಡಲಿಲ್ಲ ಎಂಬ ಕೊರಗು ನಿಮ್ಮದು. ಹೀಗೆ ಅನಿಸಿದವರಿಗೆ ನಿದ್ದೆ ಹೇಗೆ ಬಂದೀತು?

ಆದರೆ ತಪ್ಪನ್ನು ನಿಮ್ಮ ಒಗ್ಗರಣೆಯಲ್ಲಿ ಹುಡುಕಬೇಡಿ. ಇದು ಊರಲ್ಲಿ ನಾವು ಕೇಳುವ ‘ಬ್ಲಾಕ್’ನಂಥದ್ದಲ್ಲ. ಕಸಿಯಾದ ಹೃದಯವನ್ನು ದೇಹ ಹೊರಗಿನದೆಂದೇ ಎಣಿಸಿ ಅದರೊಡನೆ ಜಗಳವಾಡುತ್ತದೆ. ಮಾತ್ರೆಗಳು ಆ ಜಗಳವನ್ನು ತಣ್ಣಗಿಟ್ಟರೂ ಪೂರ್ತಿ ನಿಲ್ಲಿಸಲಾರವು. ಅದರಿಂದ ನಾಳದ ಒಳಪದರ ಉದ್ದಕ್ಕೂ ಮೆಲ್ಲನೆ ದಪ್ಪವಾಗುತ್ತದೆ. ಕಸಿಯಾಗಿ 5 ವರ್ಷಕ್ಕೆ ಸುಮಾರು ಮೂವರಲ್ಲಿ ಒಬ್ಬರಿಗೆ, 10 ವರ್ಷಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ. ಅವರ ಮನೆಯವರೆಲ್ಲ ಅಜಾಗರೂಕರೇ? ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಇದನ್ನು ಹೆಚ್ಚಿಸುತ್ತವೆ, ಹಾಗಾಗಿ ಪಥ್ಯ ಬೇಕು. ಪಥ್ಯವನ್ನು ಪ್ರಾಯಶ್ಚಿತ್ತ ಮಾಡಿಕೊಳ್ಳುವುದು ಬೇಡ.

‘ಎದೆನೋವೇ ಇಲ್ಲವಲ್ಲ’ ಎಂದು ಅವರು ತೋಟಕ್ಕೆ ಹೊರಡುತ್ತಾರಂತೆ. ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಕಸಿ ಮಾಡುವಾಗ ಹೃದಯದ ನರಗಳನ್ನು ಕತ್ತರಿಸಬೇಕಾಗುತ್ತದೆ; ನೋವಿನ ಸುದ್ದಿ ಅನೇಕರಿಗೆ ತಲುಪುವುದೇ ಇಲ್ಲ. ಅದಕ್ಕೇ ಆಗಾಗ ಆಂಜಿಯೋಗ್ರಾಮ್. ತೋಟದ ಏರು ಹತ್ತುವಾಗ ಮೊದಲಿಲ್ಲದ ಏದುಸಿರು, ಕಾಲು ಊತ, ತಲೆಸುತ್ತು, ಕಾರಣವಿಲ್ಲದ ಸುಸ್ತು ಕಂಡರೆ ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಸಿಗದಿದ್ದರೆ, ಎಚ್ಚರ ತಪ್ಪಿದರೆ 108. ಬೆಂಗಳೂರು ಮುಟ್ಟಿದ ಮೇಲೆ ನೋಡೋಣ ಎನ್ನಬೇಡಿ. ಪುತ್ತೂರೋ ಸುಳ್ಯವೋ, ಹತ್ತಿರದ ಆಸ್ಪತ್ರೆಗೆ ಹೋಗಿ, ‘ಹೃದಯ ಕಸಿಯಾದವರು’ ಎಂದೇ ಮಾತು ಶುರುಮಾಡಿ.

ಮಾತ್ರೆಯ ಹೊತ್ತು ತಪ್ಪದಿರಲಿ. ಹಿತ್ತಲಿನ ಚಕ್ಕೋತ ಬೇಡ, ಅದು ಟ್ಯಾಕ್ರೋಲಿಮಸ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು. ವೈದ್ಯರನ್ನು ಕೇಳದೆ ಯಾವ ಕಷಾಯವೂ ಬೇಡ. ನೆಂಟರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ನಮ್ಮ ಕಡೆ ಕಷ್ಟ, ಗೊತ್ತು. ‘ಡಾಕ್ಟ್ರು ಬೈತಾರೆ’ ಎಂದುಬಿಡಿ.

ಮುಂದಿನ ಸಲ ತಪಾಸಣೆಗೆ ಹೋದಾಗ ನೀವು ಹೊರಗಿನ ಬೆಂಚಿನಲ್ಲಿ ಕೂರದೆ ವೈದ್ಯರ ಕೋಣೆಯೊಳಗೆ ಹೋಗಿ. ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಪ್ರಮಾಣ ಸರಿಯಿದೆಯೇ, ಈಗಿನ ಕಸಿ ಮಾತ್ರೆಯನ್ನು ಸಿರೋಲಿಮಸ್ ಅಥವಾ ಎವರೋಲಿಮಸ್‌ಗೆ ಬದಲಿಸಬಹುದೇ ಎಂದು ಕೇಳಿ. ಇವು ಕೆಲವರಲ್ಲಿ ಈ ಕಾಯಿಲೆಯ ವೇಗ ತಗ್ಗಿಸುತ್ತವೆ. ಎಲ್ಲರಿಗೂ ಹೊಂದುವುದಿಲ್ಲ, ನಿರ್ಧಾರ ವೈದ್ಯರದು.

ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಅಂಜಿಕೆ ಹೆಚ್ಚು ಎಂದಿದ್ದೀರಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ರಾತ್ರಿಯೂ ತೆರೆದಿರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿಯೇ ಫೋನ್ ಮಾಡಿ.