ಪರಾವಲಂಬನೆಯ ದಿನಗಳಿಗೆ ಹಣದ ಏರ್ಪಾಡು

ಮುಪ್ಪಿನ ಕಾಲಕ್ಕೆಂದು ಹಣ ಕೂಡಿಡುವವರು ಸಾಮಾನ್ಯವಾಗಿ ಎರಡು ಬಗೆಯ ವೆಚ್ಚಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ: ಮನೆಯ ನಿತ್ಯದ ಖರ್ಚು ಹಾಗೂ ಆಸ್ಪತ್ರೆಯ ಖರ್ಚು. ಮೂರನೆಯದೊಂದು ಇದೆ. ಪಾರ್ಶ್ವವಾಯು, ಸೊಂಟದ ಮೂಳೆಮುರಿತ, ಕಂಪವಾತ, ಮರೆವಿನ ರೋಗ ಇವುಗಳಿಂದಾಗಿ ಸ್ನಾನ, ಊಟ, ಶೌಚಗಳಿಗೂ ಇನ್ನೊಬ್ಬರ ಕೈ ಬೇಕಾಗುವ ಸ್ಥಿತಿ ಒದಗಿದಾಗ ತಗಲುವ ಆರೈಕೆಯ ವೆಚ್ಚವೇ ಅದು. ಆಸ್ಪತ್ರೆಯ ವೆಚ್ಚ ದೊಡ್ಡದಾದರೂ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಆರೈಕೆಯ ವೆಚ್ಚ ತಿಂಗಳು ತಿಂಗಳೂ ಬರುತ್ತಿರುತ್ತದೆ. ಅದು ಎಂದು ನಿಲ್ಲುವುದೆಂದು ಯಾರೂ ಹೇಳಲಾರರು.

ಜರ್ಮನಿಯಲ್ಲಿ 1995ರಿಂದಲೂ ಜಪಾನಿನಲ್ಲಿ 2000ದಿಂದಲೂ ಈ ವೆಚ್ಚಕ್ಕೆಂದೇ ಕಡ್ಡಾಯ ವಿಮೆ ಇದೆ. ನಮ್ಮಲ್ಲಿ ಅಂತಹ ಸಾರ್ವತ್ರಿಕ ವಿಮೆ ಇಲ್ಲ. ಆದ್ದರಿಂದ ಈ ಭಾರವನ್ನು ಕುಟುಂಬವೇ, ಅದರಲ್ಲಿಯೂ ಬಹುಮಟ್ಟಿಗೆ ಹೆಂಗಸರೇ, ಹೊರುತ್ತ ಬಂದಿದ್ದಾರೆ.

ಹೈದರಾಬಾದ್ ನಗರದ ಕನ್ನಡ ಕುಟುಂಬಗಳನ್ನೇ ನೋಡಬಹುದು. 1956ರ ನವೆಂಬರ್ 1ಕ್ಕೆ ಮೊದಲು ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ ಓದಿಗೂ ನೌಕರಿಗೂ ಬಂದ ಅನೇಕರು ಕಾಚಿಗುಡ ಮೊದಲಾದ ಬಡಾವಣೆಗಳಲ್ಲಿ ನೆಲೆನಿಂತರು. ಮುಂದೆ ಬಾಲಾನಗರ, ರಾಮಚಂದ್ರಪುರಗಳ ಕಾರ್ಖಾನೆಗಳು ಇನ್ನಷ್ಟು ಜನರಿಗೆ ಕೆಲಸ ಕೊಟ್ಟವು. ಇವರ ಮಕ್ಕಳು ಇಂದು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇರುವುದು ಅಪರೂಪವಲ್ಲ. ಸ್ವಂತ ಮನೆಯುಂಟು, ಬ್ಯಾಂಕಿನಲ್ಲಿ ಠೇವಣಿಯುಂಟು. ಆದರೆ ರಾತ್ರಿ ಎಬ್ಬಿಸಿ ನೀರು ಕೊಡುವವರಿಲ್ಲ.

ಆದಾಯದ ಸ್ವರೂಪವನ್ನು ಮೊದಲು ತಿಳಿಯಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ತುಟ್ಟಿ ಪರಿಹಾರವಲ್ಲದೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಶೇಕಡಾ 20, 85ಕ್ಕೆ 30, 90ಕ್ಕೆ 40, 95ಕ್ಕೆ 50 ಹಾಗೂ 100 ವರ್ಷಕ್ಕೆ ಪೂರ್ಣ 100ರಷ್ಟು ಹೆಚ್ಚುವರಿ ಪಿಂಚಣಿ ದೊರೆಯುತ್ತದೆ. ಆರೈಕೆ ಹೆಚ್ಚಾಗಿ ಬೇಕಾಗುವ ವಯಸ್ಸೇ ಇದು. ಕಾರ್ಖಾನೆಗಳಲ್ಲಿ ದುಡಿದು 1995ರ ನೌಕರರ ಪಿಂಚಣಿ ಯೋಜನೆಯನ್ನು ನಂಬಿದವರ ಸ್ಥಿತಿ ಬೇರೆ. ಆ ಪಿಂಚಣಿಗೆ ತುಟ್ಟಿಭತ್ಯೆಯ ಜೋಡಣೆ ಇಲ್ಲ. 2014ರ ಸೆಪ್ಟೆಂಬರ್‌ನಿಂದ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ ರೂ. 1,000 ಎಂದು ಗೊತ್ತುಪಡಿಸಲಾಯಿತು. ಪಿಂಚಣಿದಾರರು ತೀರಿಕೊಂಡ ಬಳಿಕ ಪತ್ನಿಗೆ ಸಾಮಾನ್ಯವಾಗಿ ಅದರ ಅರ್ಧ ಮಾತ್ರ ಬರುತ್ತದೆ. ಗಂಡನ ಕಾಯಿಲೆಯಲ್ಲಿ ಹೆಂಡತಿ ಸಂಬಳವಿಲ್ಲದೆ ದಾದಿಯಾಗಿರುತ್ತಾಳೆ. ಆಕೆ ಹಾಸಿಗೆ ಹಿಡಿದಾಗ ದಾದಿಯೂ ಇಲ್ಲ, ಪೂರ್ಣ ಪಿಂಚಣಿಯೂ ಇಲ್ಲ. ಆದ್ದರಿಂದ ದಂಪತಿಗಳು ಲೆಕ್ಕ ಹಾಕುವಾಗ ಕೊನೆಗೆ ಉಳಿಯುವವರನ್ನೇ ಮೊದಲು ಗಣನೆಗೆ ತೆಗೆದುಕೊಳ್ಳುವುದು ಲೇಸು.

ಒಂದು ಉದಾಹರಣೆ. ಮನೆಯಲ್ಲಿಯೇ ಇದ್ದು ನೋಡಿಕೊಳ್ಳುವ ಸಹಾಯಕಿಗೆ ತಿಂಗಳಿಗೆ ರೂ. 20,000 ಕೊಡಬೇಕೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ರೂ. 2,40,000 ಆಯಿತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ ಒಬ್ಬರು ಗರಿಷ್ಠ ರೂ. 30 ಲಕ್ಷ ತೊಡಗಿಸಬಹುದು. ಶೇಕಡಾ 8.2ರ ಬಡ್ಡಿಯಂತೆ ಪೂರ್ಣ ಮೊತ್ತಕ್ಕೆ ವರ್ಷಕ್ಕೆ ರೂ. 2,46,000 ಬರುತ್ತದೆ. ಅಂದರೆ ಮೂವತ್ತು ಲಕ್ಷದ ಬಡ್ಡಿ ಸಹಾಯಕಿಯ ಸಂಬಳಕ್ಕೇ ಸರಿಹೋಗುತ್ತದೆ. ಅಕ್ಕಿ, ಬೇಳೆ, ಔಷಧಿಗೆ ಬೇರೆ ದಾರಿ ನೋಡಬೇಕು. ಸಂಬಳ ವರ್ಷಕ್ಕೆ ಶೇಕಡಾ 7ರಂತೆ ಏರಿದರೆ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಬಡ್ಡಿಯಾದರೋ ಏರದು. ಆರಂಭದ ವರ್ಷಗಳಲ್ಲಿ, ದೇಹ ಗಟ್ಟಿಯಿರುವಾಗ, ಬಡ್ಡಿಯ ಒಂದು ಭಾಗವನ್ನು ಮತ್ತೆ ಉಳಿಸಿ ಬೇರೆಯಾಗಿ ಇಡಬೇಕೆನ್ನುವುದು ಇದಕ್ಕಾಗಿಯೇ.

ಆರೋಗ್ಯ ವಿಮೆ ಬೇಡವೆಂದಲ್ಲ. 2024ರ ಅಕ್ಟೋಬರ್‌ನಿಂದ 70 ವರ್ಷ ತುಂಬಿದ ಎಲ್ಲರಿಗೂ, ಆದಾಯವನ್ನು ನೋಡದೆ, ಆಯುಷ್ಮಾನ್ ಭಾರತ್ ಯೋಜನೆಯಡಿ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆಯ ರಕ್ಷಣೆ ನೀಡಲಾಗಿದೆ. ಒಂದೇ ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಈ ಮೊತ್ತ ಇಬ್ಬರಿಗೂ ಸೇರಿದ್ದು. ಆದರೆ ಇದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ ಮೀಸಲು. ಮನೆಯಲ್ಲಿ ಮಗ್ಗುಲು ಬದಲಾಯಿಸುವ ಸಹಾಯಕಿಯ ಸಂಬಳವನ್ನು ಅದು ಕೊಡುವುದಿಲ್ಲ. ವಿಮೆ ಉಂಟೆಂದು ಆರೈಕೆಯ ನಿಧಿಯನ್ನು ಕೈಬಿಡುವುದು ಅನೇಕ ಕುಟುಂಬಗಳು ಮಾಡುವ ತಪ್ಪು.

ಹಣವಿದ್ದೂ ಉಪಯೋಗಕ್ಕೆ ಬಾರದ ಸಂದರ್ಭವೊಂದಿದೆ. ಅದರ ಬಗ್ಗೆ ಜನರಲ್ಲಿ ತಿಳಿವಳಿಕೆ ಕಡಿಮೆ. ಮಗನಿಗೆ ಮುಖ್ತಿಯಾರ್‌ನಾಮೆ ಬರೆದುಕೊಟ್ಟಿದ್ದೇವೆ, ಅವನು ನೋಡಿಕೊಳ್ಳುತ್ತಾನೆ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 201ನೆಯ ಪ್ರಕರಣದ ಮೇರೆಗೆ, ಅಧಿಕಾರ ಕೊಟ್ಟವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಮರೆವಿನ ರೋಗ ಬಲಿತ ದಿನ, ಅಂದರೆ ಅತ್ಯಂತ ಅಗತ್ಯವಾದ ದಿನವೇ, ಆ ಪತ್ರ ನಿರುಪಯೋಗಿ. ಮರಣಪತ್ರವೂ ಇಲ್ಲಿ ನೆರವಾಗದು, ಅದು ಜಾರಿಗೆ ಬರುವುದು ಮರಣಾನಂತರ. ನಾಮನಿರ್ದೇಶಿತರಿಗೂ ಖಾತೆದಾರರು ಬದುಕಿರುವಾಗ ಹಕ್ಕಿಲ್ಲ. ಆಗ ಉಳಿಯುವ ಮಾರ್ಗ ನ್ಯಾಯಾಲಯದಿಂದ ಪಾಲಕರನ್ನು ನೇಮಿಸಿಕೊಳ್ಳುವುದು. ಅದಕ್ಕೆ ಕಾಲವೂ ಹಣವೂ ಹಿಡಿಯುತ್ತವೆ. ಬುದ್ಧಿ ಚುರುಕಾಗಿರುವಾಗಲೇ ನಂಬಿಕಸ್ಥರೊಬ್ಬರೊಡನೆ ‘ಇಬ್ಬರಲ್ಲೊಬ್ಬರು ಅಥವಾ ಉಳಿದವರು’ ಎಂಬ ಷರತ್ತಿನ ಜಂಟಿ ಖಾತೆ ತೆರೆದು, ಆರು ತಿಂಗಳ ಆರೈಕೆಗೆ ಸಾಲುವಷ್ಟು ಹಣವನ್ನು ಅದರಲ್ಲಿ ಇಡುವುದು ಸುಲಭೋಪಾಯ. ಸರ್ವಸ್ವವನ್ನೂ ಅದರಲ್ಲಿ ಇಡುವುದು ವಿವೇಕವಲ್ಲ. ಕೈ ಮಾತ್ರ ಸ್ವಾಧೀನ ತಪ್ಪಿ ಬುದ್ಧಿ ನೆಟ್ಟಗಿದ್ದರೆ ಅಷ್ಟು ಕಷ್ಟವಿಲ್ಲ. ಬ್ಯಾಂಕ್ ಅಧಿಕಾರಿಯೂ ಸೇರಿದಂತೆ ಇಬ್ಬರು ಸಾಕ್ಷಿಗಳ ಸಮಕ್ಷಮ ಹೆಬ್ಬೆರಳಿನ ಗುರುತು ಹಾಕಿ ಹಣ ಪಡೆಯಬಹುದು.

ಇನ್ನು ಮನೆ. ಹೈದರಾಬಾದಿನಲ್ಲಿ ಹಿಂದೆ ಕೆಲವೇ ಸಾವಿರಕ್ಕೆ ಕೊಂಡ ನಿವೇಶನ ಇಂದು ಕುಟುಂಬದ ಅತಿ ದೊಡ್ಡ ಆಸ್ತಿಯಾಗಿರಬಹುದು. 2007ರಲ್ಲಿ ಆರಂಭವಾದ ವಿಲೋಮ ಅಡಮಾನ ಸಾಲದಲ್ಲಿ 60 ವರ್ಷ ಮೀರಿದ ಮನೆಯೊಡೆಯರು ಅದೇ ಮನೆಯಲ್ಲಿ ವಾಸವಿದ್ದುಕೊಂಡು ಬ್ಯಾಂಕಿನಿಂದ ಕಂತುಗಳಲ್ಲಿ ಹಣ ಪಡೆಯಬಹುದು. ಸಾಲದ ವಸೂಲಿ ಅವರ ಕಾಲಾನಂತರ. ಮನೆ ಮಕ್ಕಳಿಗೆ ಸೇರಬೇಕೆಂಬ ಭಾವನೆಯಿಂದ ಜನ ಇದರತ್ತ ಹೆಚ್ಚು ಒಲಿದಿಲ್ಲ. ಆ ಭಾವನೆ ತಪ್ಪೆನ್ನಲಾಗದು. ಆದರೆ ಬದುಕಿರುವಾಗಲೇ ಮನೆಯನ್ನು ದಾನಪತ್ರದ ಮೂಲಕ ಬಿಟ್ಟುಕೊಡುವವರು ಒಂದು ಮಾತನ್ನು ತಪ್ಪದೆ ಗಮನಿಸಬೇಕು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೆಯ ಪ್ರಕರಣದಂತೆ, ಪೋಷಣೆಯ ಷರತ್ತಿಗೆ ಒಳಪಟ್ಟು ಕೊಟ್ಟ ಆಸ್ತಿಯನ್ನು ಪಡೆದವರು ಆ ಷರತ್ತನ್ನು ಮುರಿದರೆ ವರ್ಗಾವಣೆಯನ್ನು ರದ್ದುಪಡಿಸಬಹುದು. ಅಂತಹ ಷರತ್ತು ಇದ್ದುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ತಾಯಿಯೊಬ್ಬರ ಪ್ರಕರಣದಲ್ಲಿ, ಮಗನು ಬರೆದುಕೊಟ್ಟಿದ್ದ ವಚನಪತ್ರವನ್ನೂ ಪರಿಗಣಿಸಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಆಸ್ತಿಯನ್ನು ಮರಳಿ ಕೊಡಿಸಿತು. ಎರಡು ತೀರ್ಪುಗಳನ್ನೂ ನೋಡಿದರೆ, ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದೇ ಕ್ಷೇಮ. ಸ್ವಂತ ಮಕ್ಕಳೊಡನೆ ಷರತ್ತೇ ಎಂದು ಸಂಕೋಚಪಡುವ ಕಾರಣವಿಲ್ಲ; ಸಜ್ಜನ ಮಗನಿಗೆ ಅದರಿಂದ ತೊಂದರೆಯಾಗದು.

ಪೋಷಣೆಗಾಗಿ ಅರ್ಜಿಯನ್ನು ಇದೇ ಕಾಯ್ದೆಯ ನ್ಯಾಯಮಂಡಳಿಗೆ ಸಲ್ಲಿಸಬೇಕು. ತೆಲಂಗಾಣದಲ್ಲಿ ಕಂದಾಯ ವಿಭಾಗಾಧಿಕಾರಿಗಳು ಅದರ ಅಧ್ಯಕ್ಷರು. ಹೈದರಾಬಾದ್ ಜಿಲ್ಲೆಯಲ್ಲಿ ಹೈದರಾಬಾದ್, ಸಿಕಂದರಾಬಾದ್ ಎಂಬ ಎರಡು ವಿಭಾಗಗಳಿವೆ. ಕಾಯ್ದೆಯಲ್ಲಿ ಹೇಳಿರುವ ಪೋಷಣಾ ಮೊತ್ತದ ಮಿತಿ ತಿಂಗಳಿಗೆ ರೂ. 10,000. ಮೇಲಿನ ಉದಾಹರಣೆಯ ಸಹಾಯಕಿಯ ಸಂಬಳದ ಅರ್ಧ ಮಾತ್ರ ಇದು.

ದೂರವಾಣಿಯಲ್ಲಿ ಸಲಹೆ ಬೇಕಾದವರು 14567 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. 2017ರಲ್ಲಿ ಹೈದರಾಬಾದಿನಲ್ಲಿಯೇ ಟಾಟಾ ಟ್ರಸ್ಟ್ಸ್ ನೆರವಿನಿಂದ ಹುಟ್ಟಿದ ಈ ಸೇವೆಯನ್ನು 2021ರ ಅಕ್ಟೋಬರ್ 1ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಪಿಂಚಣಿ, ಕಾನೂನು ವಿಷಯಗಳ ಮಾಹಿತಿಯಲ್ಲದೆ, ನಿರ್ಲಕ್ಷ್ಯಕ್ಕೆ ಅಥವಾ ಕಿರುಕುಳಕ್ಕೆ ಒಳಗಾದ ಹಿರಿಯರಿಗೆ ಸ್ಥಳದಲ್ಲಿ ನೆರವೂ ಇದರಿಂದ ದೊರೆಯುತ್ತದೆ. ವೇಳೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.